ಸತ್ತ ಫೈಟರ್‌ನನ್ನು ಬೇತಾಳ ಮಾಡಿದೆ, ಶೀಟ್ ಕೆಟ್ಟುಹೋಯಿತು

ಪುಣೆಯ ಕೊಥ್ರೂಡ್‌ನಿಂದ ಓದುಗರೊಬ್ಬರು ಬರೆದಿದ್ದಾರೆ:

"ನಾವು ಐದು ಜನ ಭಾನುವಾರಗಳಂದು ನಮ್ಮ ಮನೆಯಲ್ಲಿ ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ಡೈಸ್ ಉರುಳಿಸಿ ಆಡುವ ಕಥೆಯಾಟ) ಆಡುತ್ತೇವೆ. ಐದನೇ ಆವೃತ್ತಿ, 2014ರ ನಿಯಮ. ನಾನೇ ಡಿಎಂ, ಅಂದರೆ ಆಟ ನಡೆಸುವವ. ಎಲ್ಲರ ಶೀಟ್‌ಗಳೂ, ಅಂದರೆ ಪಾತ್ರದ ಅಂಕಿಗಳ ಪಟ್ಟಿಗಳೂ, ಡಿ ಆ್ಯಂಡ್ ಡಿ ಬಿಯಾಂಡ್ ವೆಬ್‌ಸೈಟ್‌ನಲ್ಲಿವೆ. ಹೋದ ತಿಂಗಳು ನಮ್ಮಲ್ಲೊಬ್ಬ ಹುಬ್ಬಳ್ಳಿ ಹುಡುಗನ ಫೈಟರ್ (ಯೋಧನ ಪಾತ್ರ) ಸತ್ತುಹೋದ. ಮನುಷ್ಯ, ಐದನೇ ಲೆವೆಲ್. ಅವನಿಗೆ ಹೊಸ ಕ್ಯಾರೆಕ್ಟರ್ ಬೇಡವಂತೆ, ಅದೇ ಫೈಟರ್ ಬೇತಾಳನಾಗಿ ಎದ್ದು ಬರಬೇಕಂತೆ. ಮುಂದೆ ಬೇರೆ ಬೇರೆ ಶವಗಳೊಳಗೆ ಹೊಕ್ಕುವ ಶಕ್ತಿಯೂ ಬೇಕಂತೆ. ನಮ್ಮ ಮನೆಯ ಹಿಂದೆಯೇ ವೇತಾಳ ಟೇಕಡಿ (ಬೇತಾಳನ ಗುಡ್ಡ) ಇರುವುದರಿಂದ ಎಲ್ಲರಿಗೂ ಆ ಐಡಿಯಾ ಹಿಡಿಸಿತು. ನಾನು ಹೋಮ್‌ಬ್ರೂನಲ್ಲಿ (ನಾವೇ ನಿಯಮ ಬರೆದು ಸೇರಿಸುವ ಜಾಗ) ಬೇತಾಳ ಅಂತ ಒಂದು ರೇಸ್, ಅಂದರೆ ಪಾತ್ರದ ಜಾತಿ, ಮಾಡಿದೆ. ಅನ್‌ಡೆಡ್‌ಗಳಿಗೆ (ಸತ್ತೂ ನಡೆದಾಡುವವರಿಗೆ) ಕಾನ್ಸ್ಟಿಟ್ಯೂಷನ್, ಅಂದರೆ ಮೈಗಟ್ಟಿತನದ ಅಂಕಿ, ಇರುವುದಿಲ್ಲ ಅಂತ ಎಲ್ಲೋ ಓದಿದ್ದೆ, ಅದಕ್ಕೆ ಅದನ್ನು 1 ಮಾಡಿದೆ. 49 ಇದ್ದ ಹಿಟ್ ಪಾಯಿಂಟ್ (ತಡೆದುಕೊಳ್ಳಬಲ್ಲ ಪೆಟ್ಟಿನ ಲೆಕ್ಕ) 9ಕ್ಕೆ ಇಳಿಯಿತು! ಅದನ್ನು ಸರಿದೂಗಿಸಲು ಝಾಂಬಿಯ ಶಕ್ತಿ, ವಿಷ ತಾಗದು, ಮೋಡಿ ತಾಗದು, ಮಾಮೂಲಿ ಆಯುಧದ ಪೆಟ್ಟು ಅರ್ಧ, ಹೀಗೆ ಎಲ್ಲ ಹಾಕಿದೆ. ಈಗ ಉಳಿದವರು ಇದು ಅನ್ಯಾಯ ಅನ್ನುತ್ತಿದ್ದಾರೆ. ಕ್ಲೆರಿಕ್ (ಪೂಜಾರಿ ಪಾತ್ರ) ಆಡುವವಳು ಗಾಯ ವಾಸಿಮಾಡುವ ಕ್ಯೂರ್ ವೂಂಡ್ಸ್ ಮಂತ್ರ ಹಾಕಿದರೆ ಶೀಟ್‌ನಲ್ಲಿ ಆರಾಮಾಗಿ ಪಾಯಿಂಟ್ ಏರುತ್ತದೆ, ಏರಬಾರದು ಅಲ್ವಾ? ಸಾಫ್ಟ್‌ವೇರ್ ತಪ್ಪೋ, ನಾನು ತಪ್ಪೋ? ಪುಸ್ತಕ ಕೊಳ್ಳಬೇಕಾ? ಇನ್ನೊಂದು ವಿಷಯ. ನಮ್ಮಲ್ಲಿ ಗೋವಾದ ಕಾಣಕೋಣದವರೊಬ್ಬರಿದ್ದಾರೆ. ಬೇತಾಳ ನಮ್ಮೂರ ದೇವರು, ಕೊಳೆತ ಹೆಣ ಮಾಡಬೇಡಿ ಅಂದರು. ಆಟವೇ ನಿಂತುಬಿಡುತ್ತದೆಯೋ ಎಂಬ ಭಯ ನನಗೆ."

ಆಟ ನಿಲ್ಲಬೇಕಾಗಿಲ್ಲ. ಶೀಟ್ ಕೂಡ ಹಾಳಾಗಿಲ್ಲ, ನೀವು ಹಾಕಿದ್ದನ್ನೆಲ್ಲ ಒಂದೊಂದಾಗಿ ತೆಗೆಯಬಹುದು. ಸಾಫ್ಟ್‌ವೇರ್ ಲೆಕ್ಕ ಸರಿಯಾಗಿಯೇ ಮಾಡಿದೆ. ಆದರೆ ನೀವು ಕೊಟ್ಟ ಅಂಕಿ ಬೇರೆ ಆವೃತ್ತಿಯ ನಿಯಮದ್ದು. ನಾನು ಮುಂಬೈಯಲ್ಲಿ ಮಾಡುವ ಕೆಲಸವೇ ಇದು, ಕ್ಯಾರೆಕ್ಟರ್ ಬಿಲ್ಡರ್‌ಗಳಿಗೆ ನಿಯಮದ ಡೇಟಾ ಬರೆಯುವುದು, ಅದರ ತಪ್ಪು ಹುಡುಕುವುದು. ಅನ್‌ಡೆಡ್ ಕ್ಯಾರೆಕ್ಟರ್ ಬಗ್ಗೆ ಬರುವ ದೂರುಗಳ ಬೇರು ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಮೊದಲು ಆ 9ರ ಲೆಕ್ಕ ನೋಡೋಣ. ನಿಮ್ಮ ಫೈಟರ್‌ಗೆ ಕಾನ್ (ಕಾನ್ಸ್ಟಿಟ್ಯೂಷನ್) 16 ಅಥವಾ 17 ಇತ್ತು ಅಂತ 49ರಿಂದಲೇ ಗೊತ್ತಾಗುತ್ತದೆ. ಮೊದಲ ಲೆವೆಲ್‌ಗೆ 10, ಮುಂದಿನ ನಾಲ್ಕು ಲೆವೆಲ್‌ಗೆ ಆರಾರು, ಜೊತೆಗೆ ಪ್ರತಿ ಲೆವೆಲ್‌ಗೂ ಕಾನ್ ಮಾಡಿಫೈಯರ್ (ಆ ಅಂಕಿಯಿಂದಾಗಿ ಕೂಡುವ ಅಥವಾ ಕಳೆಯುವ ಮೊತ್ತ) ಮೂರು. 13 ಮತ್ತು 36 ಸೇರಿ 49. ಕಾನ್ 1 ಆದರೆ ಮಾಡಿಫೈಯರ್ ಮೈನಸ್ ಐದು. ಆಗ ಮೊದಲ ಲೆವೆಲ್‌ಗೆ 5, ಮಿಕ್ಕ ನಾಲ್ಕಕ್ಕೆ ಒಂದೊಂದು, ಒಟ್ಟು 9. ಪೆಟ್ಟು ಹಿಟ್ ಪಾಯಿಂಟ್‌ಗೆ ಮಾತ್ರ ಬಿದ್ದಿಲ್ಲ. ಕಾನ್ ಸೇವಿಂಗ್ ಥ್ರೋ (ಅಪಾಯದಿಂದ ಪಾರಾಗಲು ಉರುಳಿಸುವ ಡೈಸ್, ಚಿಕ್ಕದಾಗಿ ಸೇವ್) ಪ್ಲಸ್ ಆರರಿಂದ ಮೈನಸ್ ಎರಡಕ್ಕೆ ಬಿದ್ದಿದೆ, ನೀವು ಅದನ್ನು ಗಮನಿಸಿರಲಿಕ್ಕಿಲ್ಲ.

ನೀವು ಓದಿದ್ದು ಸುಳ್ಳಲ್ಲ. 3.5ನೇ ಆವೃತ್ತಿಯಲ್ಲಿ ಅನ್‌ಡೆಡ್‌ಗಳಿಗೆ ಕಾನ್ ಇರಲಿಲ್ಲ. 2009ರಲ್ಲಿ ಬಂದ, ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಮೊದಲ ಆವೃತ್ತಿಯಲ್ಲೂ ಇರಲಿಲ್ಲ. ಅಲ್ಲಿ ಆ ಜಾಗದಲ್ಲಿ ಸೊನ್ನೆ ಇರುವುದಿಲ್ಲ, ಒಂದು ಗೆರೆ ಇರುತ್ತದೆ. ಅಂಕಿಯೇ ಇಲ್ಲ ಎಂದರೆ ಮಾಡಿಫೈಯರ್ ಕೂಡ ಸೊನ್ನೆ. ಪಾತ್‌ಫೈಂಡರ್‌ನಲ್ಲಿ ಕಾನ್ ಬದಲು ಕರಿಸ್ಮಾದಿಂದ (ವ್ಯಕ್ತಿತ್ವದ ಸೆಳೆತದ ಅಂಕಿ) ಹಿಟ್ ಪಾಯಿಂಟ್ ಸಿಗುತ್ತಿತ್ತು. ಐದನೇ ಆವೃತ್ತಿಯಲ್ಲಿ ಇದೆಲ್ಲ ಹೋಯಿತು. ರಾಕ್ಷಸರ ಪುಸ್ತಕವಾದ ಮಾನ್‌ಸ್ಟರ್ ಮ್ಯಾನ್ಯುಯಲ್ ತೆಗೆದು ನೋಡಿ. ಝಾಂಬಿಗೆ ಕಾನ್ 16, ಅಸ್ಥಿಪಂಜರಕ್ಕೆ 15, ಸತ್ತ ಮಾಂತ್ರಿಕನಾದ ಲಿಚ್‌ಗೂ 16. ಹಾಗಾಗಿ ಇವತ್ತೇ ಆ 1 ತೆಗೆದುಬಿಡಿ. ಓವರ್‌ರೈಡ್ ಖಾನೆಯನ್ನು (ಅಂಕಿಯನ್ನು ಕೈಯಾರೆ ತುಂಬುವ ಜಾಗ) ಖಾಲಿ ಬಿಟ್ಟು ರೇಸ್ ಮತ್ತೆ ಮನುಷ್ಯ ಅಂತ ಮಾಡಿದರೆ ಸಾಕು, ಹಳೆಯ ಅಂಕಿ ತಾನಾಗಿ ಬರುತ್ತದೆ.

ಇನ್ನೊಂದು ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ಟೈಪ್ (ಜೀವಿಯ ವರ್ಗ) ಅನ್‌ಡೆಡ್ ಅಂತ ಬರೆದರೆ ಸಾಕು, ಎಲ್ಲ ಶಕ್ತಿಯೂ ಬಂದುಬಿಡುತ್ತದೆ ಎಂದು ಜನ ತಿಳಿಯುತ್ತಾರೆ. ಹಳೆಯ ಆವೃತ್ತಿಗಳಲ್ಲಿ ಅದು ನಿಜವೇ ಆಗಿತ್ತು. ಆ ಟೈಪ್ ಬಂತೆಂದರೆ ವಿಷ, ರೋಗ, ನಿದ್ದೆ, ಲಕ್ವ, ಮನಸ್ಸಿನ ಮೇಲಿನ ಮಾಯೆ ಯಾವುದೂ ತಾಗುತ್ತಿರಲಿಲ್ಲ, ಎಲ್ಲ ಒಟ್ಟಿಗೆ. ಹೀರೋ ಲ್ಯಾಬ್, ಪಿಸಿಜೆನ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಟೆಂಪ್ಲೇಟ್ (ಸಿದ್ಧ ಬದಲಾವಣೆಗಳ ಕಟ್ಟು) ಹಚ್ಚಿದರೆ ಶೀಟ್ ಪೂರ್ತಿ ಬದಲಾಗುತ್ತಿದ್ದದ್ದು ಇದಕ್ಕೇ. ಅದು ಥಾಲಿ ಊಟ ಇದ್ದ ಹಾಗೆ, ಐದನೇ ಆವೃತ್ತಿಯಲ್ಲಿ ಒಂದೊಂದು ಐಟಂಗೂ ಬೇರೆ ಬೇರೆ ಆರ್ಡರ್ ಮಾಡಬೇಕು. ಇಲ್ಲಿ ಟೈಪ್ ತಾನಾಗಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಝಾಂಬಿಗೆ ವಿಷ ತಾಗುವುದಿಲ್ಲ, ಏಕೆಂದರೆ ಝಾಂಬಿಯ ವಿವರದಲ್ಲಿ ಅದನ್ನು ಬೇರೆಯಾಗಿ ಬರೆದಿದ್ದಾರೆ. 2014ರ ವ್ಯಾಂಪೈರ್ ಕೂಡ ಅನ್‌ಡೆಡ್ಡೇ, ಆದರೆ ಅದಕ್ಕೆ ವಿಷ ತಾಗುತ್ತದೆ!

ಹಾಗಾದರೆ ಟೈಪ್‌ನಿಂದ ಆಗುವುದೇನು? ಬೇರೆಯವರ ಮಂತ್ರಗಳು ಅದನ್ನು ನೋಡಿಕೊಂಡು ಕೆಲಸ ಮಾಡುತ್ತವೆ. ಹೋಲ್ಡ್ ಪರ್ಸನ್, ಚಾರ್ಮ್ ಪರ್ಸನ್ ತಾಗುವುದು ಹ್ಯೂಮನಾಯ್ಡ್‌ಗಳಿಗೆ (ಮನುಷ್ಯರಂಥ ಜೀವಿಗಳಿಗೆ) ಮಾತ್ರ, ನಿಮ್ಮ ಬೇತಾಳ ತಪ್ಪಿಸಿಕೊಳ್ಳುತ್ತಾನೆ. ಅದು ಲಾಭ. ಆದರೆ ಎದುರಾಳಿ ಕ್ಲೆರಿಕ್ ಅನ್‌ಡೆಡ್‌ಗಳನ್ನು ಓಡಿಸುವ ಟರ್ನ್ ಅನ್‌ಡೆಡ್ ಹಾಕಿದರೆ ಇವನು ಓಡಬೇಕಾಗಬಹುದು. ಪಾಲಡಿನ್‌ನ (ಧರ್ಮಯೋಧನ) ಸ್ಮೈಟ್ ಎಂಬ ಏಟಿನಲ್ಲಿ ಇವನಿಗೆ ಒಂದು ಡೈಸ್ ಜಾಸ್ತಿ ಪೆಟ್ಟು. 14ನೇ ಲೆವೆಲ್‌ನ ನೆಕ್ರೊಮ್ಯಾನ್ಸರ್ (ಹೆಣಗಳ ಮಾಂತ್ರಿಕ) ಇವನನ್ನು ತನ್ನ ವಶಕ್ಕೆ ತೆಗೆದುಕೊಳ್ಳಲು ನೋಡಬಹುದು. ಮತ್ತೆ ಸತ್ತರೆ ಸತ್ತವರನ್ನು ಬದುಕಿಸುವ ರೇಯ್ಸ್ ಡೆಡ್ ಮಂತ್ರ ನಡೆಯುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಶೀಟ್ ಲೆಕ್ಕ ಹಾಕುವುದಿಲ್ಲ. ಶೀಟ್‌ಗೆ ಗೊತ್ತಾಗುವುದು ಖಾನೆಯಲ್ಲಿ ತುಂಬಿದ ಅಂಕಿ ಮತ್ತು ಆಯ್ಕೆ ಮಾಡಿದ ಮಾಡಿಫೈಯರ್ ಮಾತ್ರ. ವಿವರಣೆಯಲ್ಲಿ ನೀವು ಬರೆದ ವಾಕ್ಯ ಅದಕ್ಕೆ ಬರೀ ಅಕ್ಷರ.

ಕ್ಯೂರ್ ವೂಂಡ್ಸ್ ಪ್ರಶ್ನೆಗೂ ಉತ್ತರ ಇದೇ. 2014ರ ನಿಯಮದಲ್ಲಿ ಆ ಮಂತ್ರ ಅನ್‌ಡೆಡ್ ಮೇಲೆ ಕೆಲಸ ಮಾಡುವುದಿಲ್ಲ, ನೀವು ಹೇಳಿದ್ದು ಸರಿ. ಆದರೆ ಹಿಟ್ ಪಾಯಿಂಟ್ ಖಾನೆಯಲ್ಲಿ ಯಾರು ಎಷ್ಟು ಕೂಡಿಸಿದರೂ ಶೀಟ್ ಒಪ್ಪಿಕೊಳ್ಳುತ್ತದೆ, ಯಾವ ಮಂತ್ರದಿಂದ ಅಂತ ಕೇಳುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ನೀವು.

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ, ಏಕೆಂದರೆ ಅನ್‌ಡೆಡ್ ಕ್ಯಾರೆಕ್ಟರ್ ಮಾಡುವವರು ಆಮೇಲೆ ಬೇಸರಪಡುವುದು ಈ ವಿಷಯದಲ್ಲೇ. ಟೈಪ್ ನಿಜವಾಗಿಯೂ ಅನ್‌ಡೆಡ್ ಆದರೆ ಕ್ಯೂರ್ ವೂಂಡ್ಸ್, ಹೀಲಿಂಗ್ ವರ್ಡ್, ಹೀಲಿಂಗ್ ಸ್ಪಿರಿಟ್, ಪಾಲಡಿನ್‌ನ ಲೇ ಆನ್ ಹ್ಯಾಂಡ್ಸ್, ಎಲ್ಲ ಬಂದ್. ಆದರೆ ಅನ್‌ಡೆಡ್‌ಗೆ ವಾಸಿಯೇ ಆಗುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. ಪೋಷನ್ ಆಫ್ ಹೀಲಿಂಗ್ ಕುಡಿದರೆ ಪಾಯಿಂಟ್ ಬರುತ್ತದೆ. ಗುಡ್‌ಬೆರಿ ಮಂತ್ರದ ಹಣ್ಣು ನಡೆಯುತ್ತದೆ. ವಿಶ್ರಾಂತಿಯಲ್ಲಿ ಹಿಟ್ ಡೈಸ್ ಉರುಳಿಸಿ ಪಾಯಿಂಟ್ ಪಡೆಯಬಹುದು, ತಾನೇ ಚೇತರಿಸಿಕೊಳ್ಳಲು ಫೈಟರ್‌ನ ಸೆಕೆಂಡ್ ವಿಂಡ್ ಕೂಡ ಇದೆ. ಆದರೂ ಜಗಳದ ನಡುವೆ ಗೆಳೆಯ ಬಿದ್ದಿದ್ದಾನೆ, ಕ್ಲೆರಿಕ್ ಪಕ್ಕದಲ್ಲೇ ನಿಂತಿದ್ದಾಳೆ, ಮಂತ್ರ ಹಾಕಲಾರಳು. ಇದು ಒಂದು ವಾರ ಕಥೆಯಾಗಿ ಚೆನ್ನಾಗಿರುತ್ತದೆ. ಆಮೇಲೆ ಕ್ಲೆರಿಕ್ ಆಡುವವರಿಗೆ ತಮ್ಮ ಕೆಲಸವನ್ನೇ ಕಿತ್ತುಕೊಂಡ ಹಾಗೆ ಅನಿಸತೊಡಗುತ್ತದೆ. 2024ರ ನಿಯಮದಲ್ಲಿ ಕ್ಯೂರ್ ವೂಂಡ್ಸ್‌ನಿಂದಲೂ ಹೀಲಿಂಗ್ ವರ್ಡ್‌ನಿಂದಲೂ ಆ ಅಡ್ಡಿಯನ್ನು ತೆಗೆದಿದ್ದಾರೆ. ನೀವು 2014ರಲ್ಲೇ ಇದ್ದುಕೊಂಡು ಆ ಒಂದು ಬದಲಾವಣೆಯನ್ನು ಮಾತ್ರ ತೆಗೆದುಕೊಳ್ಳಬಹುದು. ಆದರೆ ಕ್ಲೆರಿಕ್ ಆಡುವವಳನ್ನು ಕೇಳಿಯೇ ಮಾಡಿ, ಅವಳ ಆಟವೂ ಇದರಲ್ಲಿ ಸೇರಿದೆ.

ಈಗ ಅನ್ಯಾಯದ ಮಾತು. ಉಳಿದವರು ಸುಮ್ನೆ ಗೊಣಗುತ್ತಿಲ್ಲ, ಅವರು ಹೇಳುವುದರಲ್ಲಿ ಹುರುಳಿದೆ. ಪುಸ್ತಕದ ರಾಕ್ಷಸನ ಶಕ್ತಿಗಳು ಒಂದು ಜಗಳದಲ್ಲಿ ಬಂದು ಸತ್ತು ಹೋಗುವವನಿಗೆ ಬರೆದದ್ದು. ನಿಮ್ಮ ಹುಡುಗ ವಾರ ವಾರವೂ ಅದನ್ನು ಹೊತ್ತುಕೊಂಡು ಬರುತ್ತಾನೆ. ಝಾಂಬಿಯ ಅನ್‌ಡೆಡ್ ಫಾರ್ಟಿಟ್ಯೂಡ್ ತೆಗೆದುಕೊಳ್ಳಿ. ಸೊನ್ನೆಗೆ ಇಳಿದಾಗ ಒಂದು ಕಾನ್ ಸೇವ್. ಡೈಸ್ ಮುಟ್ಟಬೇಕಾದ ಗುರಿ, ಬಿದ್ದ ಪೆಟ್ಟಿಗೆ ಐದು ಕೂಡಿಸಿದಷ್ಟು. ಗೆದ್ದರೆ 1 ಪಾಯಿಂಟ್‌ನಲ್ಲಿ ನಿಲ್ಲುತ್ತಾನೆ. ರೇಡಿಯಂಟ್ (ದೈವಿಕ ಬೆಳಕಿನ) ಪೆಟ್ಟು ಅಥವಾ ಕ್ರಿಟಿಕಲ್ (ಡೈಸ್‌ನಲ್ಲಿ 20 ಬಿದ್ದ ಏಟು) ಆದರೆ ಮಾತ್ರ ನಡೆಯುವುದಿಲ್ಲ. ಪುಸ್ತಕದ ಝಾಂಬಿಗೆ ಇರುವುದು 22 ಹಿಟ್ ಪಾಯಿಂಟ್, ಕಾನ್ ಸೇವ್‌ಗೆ ಪ್ಲಸ್ ಮೂರು. ನಿಮ್ಮ ಫೈಟರ್‌ಗೆ, ಕಾನ್ ಸರಿ ಮಾಡಿದ ಮೇಲೆ, ಪ್ಲಸ್ ಆರು. ಹತ್ತರ ಪೆಟ್ಟು ಬಿದ್ದರೆ ಗುರಿ 15, ಡೈಸ್‌ನಲ್ಲಿ 9 ಅಥವಾ ಮೇಲೆ ಬಂದರೆ ಸಾಕು. ನೂರಕ್ಕೆ ಅರವತ್ತು ಸಲ ಎದ್ದು ನಿಲ್ಲುತ್ತಾನೆ. ಐದರ ಪೆಟ್ಟಾದರೆ ಎಂಬತ್ತೈದು ಸಲ. ಮತ್ತೆ ಬಿದ್ದರೆ ಮತ್ತೆ ಸೇವ್, ಮಿತಿಯೇ ಇಲ್ಲ. ಅದರ ಮೇಲೆ ಮಾಮೂಲಿ ಆಯುಧದ ಪೆಟ್ಟು ಅರ್ಧ ಅಂದರೆ ಐದನೇ ಲೆವೆಲ್‌ನಲ್ಲಿ ಇವನನ್ನು ಬೀಳಿಸಲು ನೀವು ತರುವ ಶತ್ರು ಉಳಿದವರನ್ನು ಒಂದೇ ಏಟಿಗೆ ಮುಗಿಸುವಂಥದ್ದಾಗಿರಬೇಕು.

ಅದಕ್ಕೆ ಆ ಫಾರ್ಟಿಟ್ಯೂಡ್ ತೆಗೆದು, ಹಾಫ್-ಆರ್ಕ್ ಎಂಬ ರೇಸ್‌ಗೆ ಇರುವ ಹಾಗೆ ಮಾಡಿ. ಒಂದು ಲಾಂಗ್ ರೆಸ್ಟ್‌ಗೆ (ಆಟದೊಳಗಿನ ದೀರ್ಘ ವಿಶ್ರಾಂತಿ) ಒಂದೇ ಸಲ, ಸೊನ್ನೆಗೆ ಬದಲು 1ರಲ್ಲಿ ನಿಲ್ಲುತ್ತಾನೆ. ಹೆಣ ಎದ್ದು ನಿಂತ ಅನುಭವ ಸಿಗುತ್ತದೆ, ಮಿತಿಯೂ ಇರುತ್ತದೆ. ಆಯುಧದ ಪೆಟ್ಟು ಅರ್ಧ ಮಾಡಿದ್ದನ್ನು ಪೂರ್ತಿ ಕಿತ್ತುಹಾಕಿ. ವಿಷ ತಾಗದು ಅನ್ನುವುದನ್ನು ವಿಷದ ಪೆಟ್ಟು ಅರ್ಧ ಅಂತ ಮಾಡಿ. ಮೋಡಿಯ ವಿಷಯ ಬಿಟ್ಟುಬಿಡಿ, ಅವನೊಳಗೆ ಅದೇ ಫೈಟರ್‌ನ ಮನಸ್ಸು ಇದೆ ತಾನೆ? ಸರಿದೂಗಿಸಲು ದೊಡ್ಡ ದೌರ್ಬಲ್ಯ ಹಾಕಲೂ ಹೋಗಬೇಡಿ. ಐದನೇ ಆವೃತ್ತಿಯಲ್ಲಿ ವಲ್ನರಬಿಲಿಟಿ ಅಂದರೆ ಪೆಟ್ಟು ನೇರ ಎರಡರಷ್ಟು, ಒಂದು ಜಗಳದಲ್ಲೇ ಕ್ಯಾರೆಕ್ಟರ್ ಹೋಗಿಬಿಡುತ್ತಾನೆ.

ಪುಸ್ತಕ ಕೊಳ್ಳಬೇಕಾ ಅಂತ ಕೇಳಿದ್ದೀರಿ.

ಅದು ಒಂದು ದಾರಿ. 2021ರ ವ್ಯಾನ್ ರಿಕ್ಟನ್ಸ್ ಗೈಡ್ ಟು ರೇವನ್‌ಲಾಫ್ಟ್‌ನಲ್ಲಿ ರೀಬಾರ್ನ್ ಅಂತ ಒಂದು ಲಿನಿಯೇಜ್ (ರೇಸ್‌ನ ಜಾಗದಲ್ಲಿ ತೆಗೆದುಕೊಳ್ಳುವ ಕುಲ) ಇದೆ. ಸತ್ತು ಎದ್ದವರಿಗಾಗಿಯೇ ಮಾಡಿದ್ದು, ಆಟದ ನಡುವೆ ಹಳೆಯ ರೇಸ್ ಬಿಟ್ಟು ಇದಕ್ಕೆ ಬದಲಾಗಲೂ ಅವಕಾಶ ಇದೆ. ಊಟ, ನೀರು, ಉಸಿರು ಬೇಡ. ನಿದ್ದೆ ಬೇಡ, ನಾಲ್ಕು ಗಂಟೆ ಅಲುಗಾಡದೆ ಕೂತರೆ ಲಾಂಗ್ ರೆಸ್ಟ್. ವಿಷದ ಪೆಟ್ಟು ಅರ್ಧ, ಸೊನ್ನೆಗೆ ಬಿದ್ದಾಗ ಹಾಕುವ ಡೆತ್ ಸೇವ್‌ನಲ್ಲಿ ಅಡ್ವಾಂಟೇಜ್ (ಎರಡು ಡೈಸ್ ಉರುಳಿಸಿ ದೊಡ್ಡದನ್ನು ತೆಗೆದುಕೊಳ್ಳುವುದು). ಹಿಂದಿನ ಜನ್ಮದ ನೆನಪಿನಿಂದ ಕೆಲವು ಸಲ ಒಂದು ಡಿ6 (ಆರು ಮುಖದ ಡೈಸ್) ಕೂಡಿಸಿಕೊಳ್ಳಬಹುದು. ಗಮನಿಸಿ, ಇದರ ಟೈಪ್ ಹ್ಯೂಮನಾಯ್ಡ್. ಬರೆದವರು ಅನ್‌ಡೆಡ್ ಅಂತ ಬರೆದಿಲ್ಲ. ಹಾಗಾಗಿ ಕ್ಯೂರ್ ವೂಂಡ್ಸ್ ಜಗಳವೇ ಇಲ್ಲ. ಅಪಾಯ ಒಂದಿದೆ. ಸಾಫ್ಟ್‌ವೇರ್‌ನಲ್ಲಿ ರೇಸ್ ಬದಲಿಸಿದ ಕೂಡಲೇ ಮನುಷ್ಯನಿಗೆ ಆರಕ್ಕೆ ಆರೂ ಅಂಕಿಗೆ ಸಿಕ್ಕಿದ್ದ ಒಂದೊಂದು ಪಾಯಿಂಟ್ ಮಾಯವಾಗುತ್ತದೆ, ಹೊಸ ಹಂಚಿಕೆ ಬರುತ್ತದೆ. ಕೆಲವು ಮಾಡಿಫೈಯರ್‌ಗಳು ಇಳಿಯಬಹುದು. ಶೀಟ್‌ನ ಒಂದು ಕಾಪಿ ಮಾಡಿಕೊಂಡು ಅದರ ಮೇಲೆ ಪ್ರಯೋಗ ಮಾಡಿ, ಹಳೆಯದನ್ನು ಮುಟ್ಟಬೇಡಿ.

ನಾನಾಗಿದ್ದರೆ ನಿಮ್ಮ ವಿಷಯದಲ್ಲಿ ಪುಸ್ತಕ ಕೊಳ್ಳುತ್ತಿರಲಿಲ್ಲ, ಹೊಸ ರೇಸ್ ಕೂಡ ಮಾಡುತ್ತಿರಲಿಲ್ಲ. ಒಂದು ಹೋಮ್‌ಬ್ರೂ ಫೀಟ್ (ಪಾತ್ರಕ್ಕೆ ಸೇರಿಸುವ ವಿಶೇಷ ಶಕ್ತಿ) ಮಾಡುತ್ತಿದ್ದೆ. ಫೈಟರ್ ಮನುಷ್ಯನಾಗಿಯೇ ಇರುತ್ತಾನೆ, ಹಳೆಯ ಅಂಕಿಗಳೆಲ್ಲ ಹಾಗೇ ಇರುತ್ತವೆ, ಅದರ ಮೇಲೆ ಬೇತಾಳತನ ಒಂದು ಪದರವಾಗಿ ಕೂರುತ್ತದೆ. ಶೀಟ್‌ನ ಫೀಟ್‌ಗಳ ಜಾಗದಲ್ಲಿ ಅದನ್ನು ನೀವೇ ಸೇರಿಸಬಹುದು, ಲೆವೆಲ್ ಏರುವವರೆಗೆ ಕಾಯಬೇಕಿಲ್ಲ. ವಿಷದ ಪೆಟ್ಟು ಅರ್ಧ, ಕತ್ತಲಲ್ಲಿ 60 ಅಡಿ ಕಾಣುವುದು, ಇವನ್ನು ಮಾಡಿಫೈಯರ್ ಖಾನೆಯಲ್ಲೇ ಆಯ್ಕೆ ಮಾಡಿ. ಆಗ ಅವು ಶೀಟ್‌ನ ಡಿಫೆನ್ಸ್, ಸೆನ್ಸ್ ಜಾಗದಲ್ಲಿ ತಾವಾಗಿ ಬರುತ್ತವೆ. ಎದ್ದು ನಿಲ್ಲುವ ಶಕ್ತಿಯನ್ನು ಲಾಂಗ್ ರೆಸ್ಟ್‌ಗೆ ಒಂದು ಸಲ ಅಂತ ಆ್ಯಕ್ಷನ್ ಆಗಿ ಹಾಕಿ, ಗುರುತು ಹಾಕಲು ಒಂದು ಚೌಕ ಬರುತ್ತದೆ. ಟೈಪ್ ಅನ್‌ಡೆಡ್, ಟರ್ನ್ ಅನ್‌ಡೆಡ್ ತಾಗುತ್ತದೆ, ಯಾವ ಹೀಲಿಂಗ್ ನಡೆಯುತ್ತದೆ, ಇವು ವಾಕ್ಯಗಳಾಗಿಯೇ ಇರಲಿ, ಆದರೆ ವಿವರಣೆಯ ಮೊದಲ ಸಾಲುಗಳಲ್ಲೇ ಇರಲಿ. ಒಂದು ದಿನ ಈ ಕಥೆ ಬೇಡ ಅನಿಸಿದರೆ ಫೀಟ್ ತೆಗೆದರೆ ಮುಗಿಯಿತು, ಹಳೆಯ ಫೈಟರ್ ಅಡಿಯಲ್ಲಿ ಹಾಗೇ ಇರುತ್ತಾನೆ. ರೇಸ್ ಮಾಡಿದರೆ ಈ ಅನುಕೂಲ ಇಲ್ಲ.

ಯಾರಾದರೂ ಪಾತ್‌ಫೈಂಡರ್‌ಗೆ ಹೋಗೋಣ ಅಂದರೆ ಎರಡನೇ ಆವೃತ್ತಿ ನೋಡಿ. 2022ರ ಬುಕ್ ಆಫ್ ದ ಡೆಡ್‌ನಲ್ಲಿ ಝಾಂಬಿ, ಭೂತ, ಮಮ್ಮಿ, ವ್ಯಾಂಪೈರ್ ಎಲ್ಲ ಆಟಗಾರರಿಗೇ ಅಂತ ಅಳೆದು ತೂಗಿ ಮಾಡಿದ್ದಾರೆ. ಪಾತ್‌ಬಿಲ್ಡರ್ ಆ್ಯಪ್‌ನಲ್ಲಿ, ಆನ್‌ಲೈನ್ ಆಟದ ಮೇಜಾದ ಫೌಂಡ್ರಿಯಲ್ಲಿ ಇವು ಚೆನ್ನಾಗಿ ನಡೆಯುತ್ತವೆ. ಅನ್‌ಡೆಡ್‌ಗಳು ವಾಸಿಯಾಗುವ ರೀತಿಯಾದ ಹಳೆಯ ನೆಗೆಟಿವ್ ಹೀಲಿಂಗ್ ಈಗ ವಾಯ್ಡ್ ಹೀಲಿಂಗ್ ಎಂಬ ಹೆಸರಲ್ಲಿರುತ್ತದೆ, ಹುಡುಕುವಾಗ ನೆನಪಿಡಿ. ಆದರೆ ಒಬ್ಬನಿಗಾಗಿ ಐದು ಜನರ ಆಟವನ್ನು ನಡುವೆ ಬದಲಿಸುವುದು ದೊಡ್ಡ ಕೆಲಸ, ನಾನು ಬೇಡ ಅನ್ನುತ್ತೇನೆ. ಮೊದಲ ಆವೃತ್ತಿಗಂತೂ ಹೋಗಬೇಡಿ. ಅಲ್ಲಿ ಅಸ್ಥಿಪಂಜರದ ಟೆಂಪ್ಲೇಟ್ ಹಚ್ಚಿದರೆ ಫೈಟರ್ ಲೆವೆಲ್‌ಗಳೇ ಹಾರಿಹೋಗುತ್ತವೆ. ಲೆವೆಲ್ ಉಳಿಯಬೇಕಾದರೆ ಸ್ಕೆಲಿಟಲ್ ಚಾಂಪಿಯನ್ ಎಂಬ ಬೇರೆಯೇ ಟೆಂಪ್ಲೇಟ್ ಹಾಕಬೇಕು.

ಶವ ಬದಲಿಸುವ ಆಸೆಯ ಬಗ್ಗೆ. ವಿಕ್ರಮ ರಾಜನ ಹೆಗಲೇರಿದ ಬೇತಾಳನೂ ಹೆಣದೊಳಗೆ ಹೊಕ್ಕವನೇ, ಹಾಗಾಗಿ ಈ ಆಸೆ ನನಗೆ ತುಂಬ ಇಷ್ಟವಾಯಿತು. ಕಷ್ಟವೂ ಇದರಲ್ಲೇ ಇದೆ, ಏಕೆಂದರೆ ಶೀಟ್‌ಗೆ ಗೊತ್ತಿರುವುದು ಒಂದೇ ಮೈ. ನಾನು ಹೇಳುವ ಉಪಾಯ ಇದು: ಪ್ರತಿ ಶವವನ್ನೂ ಒಂದು ಹೋಮ್‌ಬ್ರೂ ಮ್ಯಾಜಿಕ್ ಐಟಂ ಮಾಡಿ. ಗಾಂಟ್ಲೆಟ್ಸ್ ಆಫ್ ಓಗರ್ ಪವರ್ ಹಾಕಿಕೊಂಡರೆ ಸ್ಟ್ರೆಂಗ್ತ್ (ಮೈಬಲ) 19 ಆಗುತ್ತದೆ, ಆಮ್ಯುಲೆಟ್ ಆಫ್ ಹೆಲ್ತ್ ಹಾಕಿಕೊಂಡರೆ ಕಾನ್ 19 ಆಗುತ್ತದೆ. ಅದೇ ತರಹ ಅಂಕಿಯನ್ನು ಇಷ್ಟು ಅಂತ ನಿಗದಿ ಮಾಡುವ ಸೆಟ್ ಮಾಡಿಫೈಯರ್ ಬಳಸಿ ಪೈಲ್ವಾನನ ಶವಕ್ಕೆ ಸ್ಟ್ರೆಂಗ್ತ್ 18, ಕಳ್ಳನ ಶವಕ್ಕೆ ಡೆಕ್ಸ್ಟೆರಿಟಿ (ಚುರುಕುತನ) 17 ಅಂತ ಕೊಡಿ. ಧರಿಸಿದ ಗುರುತು ಹಾಕಿದರೆ ಆ ಮೈ, ತೆಗೆದರೆ ಖಾಲಿ. ಬುದ್ಧಿ, ವಿವೇಕ, ಕರಿಸ್ಮಾ ಫೈಟರ್‌ನವೇ, ಅವನ್ನು ಮುಟ್ಟಬೇಡಿ. ಇಂಥ ಐಟಂಗಳು ಅಂಕಿಯನ್ನು ಏರಿಸುತ್ತವೆ, ಇಳಿಸುವುದಿಲ್ಲ. ಅದಕ್ಕೆ ಕಾಪಿ ಶೀಟ್‌ನಲ್ಲಿ ಸ್ಟ್ರೆಂಗ್ತ್, ಡೆಕ್ಸ್ಟೆರಿಟಿಯ ಮೂಲ ಅಂಕಿಗಳನ್ನು ಮಾತ್ರ ಅತಿ ದುರ್ಬಲ ಶವದ ಮಟ್ಟಕ್ಕೆ ಇಟ್ಟುಕೊಳ್ಳಿ. ಅಟ್ಯೂನ್‌ಮೆಂಟ್ (ಐಟಂ ಜೊತೆಗಿನ ಮಾಂತ್ರಿಕ ನಂಟು) ಬೇಕು ಅಂತ ಗುರುತು ಹಾಕಬೇಡಿ, ಇರುವ ಮೂರು ಜಾಗದಲ್ಲಿ ಒಂದು ಸುಮ್ನೆ ಹೋಗುತ್ತದೆ. ಕಾನ್ ಮಾತ್ರ ಎಲ್ಲ ಶವಕ್ಕೂ ಒಂದೇ ಇರಲಿ ಅನ್ನುವುದು ನನ್ನ ಬಲವಾದ ಸಲಹೆ. ಮಾಡಿಫೈಯರ್ ಒಂದು ಬದಲಾದರೆ ಐದನೇ ಲೆವೆಲ್‌ನಲ್ಲಿ ಐದು ಹಿಟ್ ಪಾಯಿಂಟ್ ಬದಲಾಗುತ್ತದೆ, ಜಗಳದ ನಡುವೆ ಆ ಲೆಕ್ಕ ಯಾರಿಗೂ ಬೇಡ. ಶವ ಬದಲಿಸುವುದು ಲಾಂಗ್ ರೆಸ್ಟ್‌ನಲ್ಲಿ ಮಾತ್ರ ಅಂತ ನಿಯಮ ಮಾಡಿ.

ಕಾಣಕೋಣದ ಗೆಳೆಯರ ಮಾತನ್ನು ನಾನು ಇದೆಲ್ಲಕ್ಕಿಂತ ಮೊದಲು ಬಗೆಹರಿಸುತ್ತಿದ್ದೆ. ಗೋವಾದಲ್ಲಿ ಬೇತಾಳ ನಿಜಕ್ಕೂ ಊರು ಕಾಯುವ ದೇವರು. ಲೋಲಿಯೆಯಲ್ಲಿ, ಆಮೋಣೆಯಲ್ಲಿ ಅವನ ಗುಡಿಗಳಿವೆ, ರಾತ್ರಿ ಊರು ಸುತ್ತುವ ದೇವರಿಗೆ ಚಪ್ಪಲಿ ಒಪ್ಪಿಸುವ ರೂಢಿಯೂ ಕೆಲವೆಡೆ ಇದೆ. ನಮಗೆ ಕಥೆಯಲ್ಲಿ ಸಿಕ್ಕ ಬೇತಾಳ, ಅವರಿಗೆ ಹರಕೆ ಹೊತ್ತ ಬೇತಾಳ. ನಾಳೆ ಯಾವುದೋ ಕ್ಲೆರಿಕ್ ಟರ್ನ್ ಅನ್‌ಡೆಡ್ ಹಾಕಿ ಆ ಹೆಸರಿನವನನ್ನು ಓಡಿಸಿದರೆ ಅವರಿಗೆ ಹೇಗಾದೀತು? ಫೀಟ್‌ನ ಹೆಸರು ಬದಲಿಸುವುದಕ್ಕೆ ಒಂದು ನಿಮಿಷ ಸಾಕು, ಒಂದು ಅಂಕಿಯೂ ಬದಲಾಗುವುದಿಲ್ಲ. ಮರಳಿ ಬಂದವನು ಅನ್ನಿ, ಫೈಟರ್‌ನ ಹೆಸರಲ್ಲೇ ಕರೆಯಿರಿ, ಅಥವಾ ಅವರನ್ನೇ ಒಂದು ಹೆಸರು ಕೊಡಿ ಅಂತ ಕೇಳಿ. ಹುಬ್ಬಳ್ಳಿ ಹುಡುಗನಿಗೆ ಬೇಕಿರುವುದು ತನ್ನ ಫೈಟರ್ ಎದ್ದು ಬರುವುದು ಅಂತ ನನಗನ್ನಿಸುತ್ತದೆ, ಆ ಹೆಸರೇ ಬೇಕು ಅಂತ ಅವನು ಹಟ ಹಿಡಿಯಲಿಕ್ಕಿಲ್ಲ.

ಬರುವ ಭಾನುವಾರ ಆಟ ಶುರುವಾಗುವ ಮೊದಲು ಕಾಪಿ ಶೀಟ್ ತೆಗೆದು ಎಲ್ಲರ ಎದುರು ಪರೀಕ್ಷೆ ಮಾಡಿ. ಹಿಟ್ ಪಾಯಿಂಟ್ 49 ತೋರಿಸುತ್ತದೆಯಾ? ಕಾನ್ ಸೇವ್ ಪ್ಲಸ್ ಆರು ಇದೆಯಾ? ಡಿಫೆನ್ಸ್ ಜಾಗದಲ್ಲಿ ವಿಷ ಒಂದೇ ಸಲ ಬಂದಿದೆಯಾ, ಹಳೆಯ ಹೋಮ್‌ಬ್ರೂನಿಂದ ಏನಾದರೂ ಉಳಿದುಕೊಂಡಿದೆಯಾ? ಎರಡು ಶವ ಒಟ್ಟಿಗೆ ಧರಿಸಿದ ಗುರುತು ಬಿದ್ದಿಲ್ಲ ತಾನೆ? ಕೊನೆಯದಾಗಿ, ಹೋಮ್‌ಬ್ರೂ ಪುಟದಲ್ಲಿ ಪಬ್ಲಿಶ್ ಬಟನ್ ಕಾಣುತ್ತದೆ, ಅದನ್ನು ಒತ್ತಬೇಡಿ. ಎಲ್ಲರಿಗೂ ತೆರೆದಿಟ್ಟದ್ದನ್ನು ಆಮೇಲೆ ತಿದ್ದಲಾಗುವುದಿಲ್ಲ, ಹೊಸ ಆವೃತ್ತಿಯನ್ನೇ ಮಾಡಬೇಕು, ಪುಸ್ತಕದ ಸಾಲುಗಳನ್ನು ಹಾಗೇ ಇಟ್ಟಿದ್ದರೆ ಅದು ನಿಯಮಕ್ಕೂ ವಿರುದ್ಧ. ನಿಮ್ಮ ಮನೆಯ ಆಟಕ್ಕೆ ಖಾಸಗಿಯಾಗಿ ಇಟ್ಟುಕೊಂಡರೆ ವಾರಕ್ಕೊಮ್ಮೆ ತಿದ್ದುತ್ತಾ ಹೋಗಬಹುದು, ಮೊದಲ ಕೆಲವು ವಾರ ತಿದ್ದಬೇಕಾಗಿಯೂ ಬರುತ್ತದೆ.